ನಾಳಿನ ಮಳೆಗೆ ಪಾಸ್ಟ್ ಟೆನ್ಸ್ ಯಾಕೆ?

ಪ್ರಶ್ನೆ: ‘ಇಫ್ ಐ ಹ್ಯಾಡ್ ಮನಿ’ ಅನ್ನುವಾಗ ದುಡ್ಡು ಬೇಕಾಗಿರುವುದು ಈಗ. ಮತ್ತೆ ‘ಹ್ಯಾಡ್’ ಯಾಕೆ ಸರ್? ಅದು ಪಾಸ್ಟ್ ಟೆನ್ಸ್ ಅಲ್ವಾ?

ಉಡುಪಿಯಲ್ಲಿ ಸಂಜೆ ಕ್ಲಾಸ್ ಶುರು ಮಾಡಿದಾಗಿನಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ಬ್ಯಾಚೂ ಇದನ್ನು ಕೇಳದೆ ಹೋಗಿಲ್ಲ. ಈ ಸಲ ಬರೆದೇ ಇಡುತ್ತೇನೆ.

ಪಾಸ್ಟ್ ಟೆನ್ಸ್ ಅಂದರೆ ಕಳೆದುಹೋದ ಕಾಲ ಅಂತ ಚಿಕ್ಕ ಕ್ಲಾಸಿನಲ್ಲಿ ತಲೆಗೆ ಹತ್ತಿದ್ದು ಡಿಗ್ರಿ ಮುಗಿದರೂ ಇಳಿಯುವುದಿಲ್ಲ. ದಯವಿಟ್ಟು ಇವತ್ತೇ ಇಳಿಸಿಬಿಡಿ. ‘ಹ್ಯಾಡ್’, ‘ಕೇಮ್’, ‘ನ್ಯೂ’ (knew) ಇವೆಲ್ಲ ಕ್ರಿಯಾಪದದ ರೂಪಗಳು. ರೂಪ ಬೇರೆ, ಕಾಲ ಬೇರೆ. ಹೆಚ್ಚಿನ ಸಲ ಎರಡೂ ಜೊತೆಗೆ ಹೋಗುತ್ತವೆ, ಅದಕ್ಕೇ ಈ ಗೊಂದಲ.

ನಂಬಿಕೆ ಬರಲಿಲ್ಲವಾ? ಇಂಗ್ಲಿಷ್ ಬದಿಗಿಟ್ಟು ನಮ್ಮ ಮಾತನ್ನೇ ನೋಡಿ. ‘ನಾಳೆ ಮಳೆ ಬಂದರೆ’ ಅಂತೀರಲ್ಲ, ಅದರೊಳಗೆ ಏನಿದೆ? ‘ಬಂದ’. ಮಳೆ ನಾಳೆಯದು, ರೂಪ ಮಾತ್ರ ನಿನ್ನೆಯದು! ಮಾಡಿದರೆ, ಹೋದರೆ, ತಿಂದರೆ, ಎಲ್ಲದರಲ್ಲೂ ಹೀಗೇ. ಹಳೆಗನ್ನಡದ ‘ಬಂದೊಡೆ’ಯಲ್ಲೂ ಹೀಗೇ. ತುಳುವಿನಲ್ಲಿ ಮಳೆ ಬಂತು ಅನ್ನಲು ‘ಬರ್ಸ ಬತ್ತ್ಂಡ್’, ಬಂದರೆ ಅನ್ನಲು ‘ಬರ್ಸ ಬತ್ತ್ಂಡ’. ಕೊನೆಯಲ್ಲಿ ಒಂದು ಸ್ವರದ ವ್ಯತ್ಯಾಸ. ಅಮ್ಮ ಊಟಕ್ಕೆ ಕರೆದಾಗ ಮಹಡಿಯಿಂದಲೇ ‘ಬಂದೆ, ಬಂದೆ’ ಅಂತ ಕೂಗುತ್ತೇವೆ. ಕಾಲು ಇನ್ನೂ ಮೆಟ್ಟಿಲಿಗೂ ತಾಗಿರುವುದಿಲ್ಲ. ಇಷ್ಟೆಲ್ಲ ದಿನಾ ಆಡುವವರು ಇಂಗ್ಲಿಷ್‌ನ ಒಂದು ‘ಹ್ಯಾಡ್’ ಕಂಡು ಯಾಕೆ ಹೆದರಬೇಕು?

ಇಂಗ್ಲಿಷ್ ಮಾಡುವುದು ಇಷ್ಟು. ಆಗಬಹುದು ಅನ್ನಿಸಿದ್ದಕ್ಕೆ ಪ್ರೆಸೆಂಟ್ ರೂಪ. ಸದ್ಯಕ್ಕೆ ಇಲ್ಲದ್ದಕ್ಕೆ, ಆಗುವುದು ಅನುಮಾನ ಅನ್ನಿಸಿದ್ದಕ್ಕೆ ಪಾಸ್ಟ್ ರೂಪ. ಜುಲೈ ತಿಂಗಳು, ಮಂಗಳೂರಿಗೆ ರೆಡ್ ಅಲರ್ಟ್, ಡಿಸಿ ಆದೇಶ ಬಂತಾ ಅಂತ ಮಕ್ಕಳು ಫೋನ್ ಹಿಡಿದು ಕೂತಿದ್ದಾರೆ. ಆಗಿನ ಮಾತು: ‘ಇಫ್ ಇಟ್ ರೈನ್ಸ್ ಹೆವಿಲಿ ಟುಮಾರೋ, ದ ಡಿಸಿ ವಿಲ್ ಡಿಕ್ಲೇರ್ ಎ ಹಾಲಿಡೇ.’ ಇದನ್ನೇ ಜನವರಿಯ ಬಿಸಿಲಲ್ಲಿ ನಿಂತು ಹೇಳಿ: ‘ಇಫ್ ಇಟ್ ರೈನ್ಡ್ ಹೆವಿಲಿ ಟುಮಾರೋ, ದ ಡಿಸಿ ವುಡ್ ಡಿಕ್ಲೇರ್ ಎ ಹಾಲಿಡೇ.’ ಎರಡರಲ್ಲೂ ‘ಟುಮಾರೋ’ ಇದೆ ನೋಡಿ. ಜನವರಿಯಲ್ಲಿ ಮಳೆ ಬರುತ್ತದೆ ಅನ್ನುವ ನಂಬಿಕೆ ಹೇಳುವವರಿಗೇ ಇಲ್ಲ, ಅದನ್ನು ‘ರೈನ್ಡ್’ ತೋರಿಸುತ್ತದೆ. ನಿಮ್ಮ ‘ಹ್ಯಾಡ್ ಮನಿ’ಯೂ ಹಾಗೇ: ಈಗ ಕೈಯಲ್ಲಿ ದುಡ್ಡಿಲ್ಲ. ‘ಐ ವಿಶ್ ಐ ನ್ಯೂ ತುಳು’ ಅಂದವರಿಗೆ ಇವತ್ತು ತುಳು ಬರುವುದಿಲ್ಲ. ‘ಇಟ್ಸ್ ಟೈಮ್ ವಿ ಲೆಫ್ಟ್’ ಅನ್ನುವವರು ಇನ್ನೂ ಕುರ್ಚಿಯಿಂದ ಎದ್ದಿಲ್ಲ.

ನಿಜಕ್ಕೂ ಕಳೆದ ದಿನದ ಮಾತಾದರೆ ರೂಪ ಇನ್ನೊಂದು ಹೆಜ್ಜೆ ಹಿಂದೆ ಹೋಗುತ್ತದೆ: ‘ಇಫ್ ಇಟ್ ಹ್ಯಾಡ್ ರೈನ್ಡ್ ಯೆಸ್ಟರ್‌ಡೇ, ದ ಡಿಸಿ ವುಡ್ ಹ್ಯಾವ್ ಡಿಕ್ಲೇರ್ಡ್ ಎ ಹಾಲಿಡೇ.’ ನಮ್ಮ ‘ಬಂದರೆ’ ಹೋಗಿ ‘ಬಂದಿದ್ದರೆ’ ಆಗುವ ಹಾಗೆ. ‘ಇಫ್ ಐ ವರ್’ ಸರಿಯಾ, ‘ಇಫ್ ಐ ವಾಸ್’ ಸರಿಯಾ ಅಂತ ಜಗಳ ಬೇಡ. ಪರೀಕ್ಷೆಗೆ ‘ವರ್’ ಬರೆಯಿರಿ. ಮಾತಿನಲ್ಲಿ ‘ವಾಸ್’ ಕೂಡ ನಡೆಯುತ್ತದೆ.

ತುಳು ಅಂದಾಗ ಇನ್ನೊಂದು ಮಾತು ಹೇಳಲೇಬೇಕು, ಇದನ್ನು ಯಾರೂ ಕೇಳುವುದಿಲ್ಲ. ‘ಐ ಕೇಮ್’, ‘ಐ ಹ್ಯಾವ್ ಕಮ್’ ಎರಡಕ್ಕೂ ಏನು ವ್ಯತ್ಯಾಸ ಅಂತ ತುಳು ಮನೆಮಾತಿನ ಮಕ್ಕಳು ಪರದಾಡುವುದು ಕಂಡರೆ ನನಗೆ ಬೇಜಾರಾಗುತ್ತದೆ. ನಿಮ್ಮಲ್ಲಿ ‘ಯಾನ್ ಬತ್ತೆ’ ಉಂಟು, ‘ಯಾನ್ ಬೈದೆ’ಯೂ ಉಂಟಲ್ಲ! ಒಂದು ಬಂದೆ, ಇನ್ನೊಂದು ಬಂದಿದ್ದೇನೆ. 1872ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಬ್ರಿಗೆಲ್ ಅವರ ತುಳು ವ್ಯಾಕರಣ ಈ ಎರಡನ್ನೂ ಬೇರೆ ಬೇರೆ ಕಾಲಗಳಾಗಿಯೇ ಕೊಟ್ಟಿದೆ. ಇಂಗ್ಲಿಷ್‌ನದು ಒಂದು ಕಟ್ಟುಪಾಡು ಮಾತ್ರ ಜಾಸ್ತಿ. ‘ಹ್ಯಾವ್ ಕಮ್’ ಜೊತೆಗೆ ನಿನ್ನೆ, ಹೋದ ವಾರ ಅಂತ ಮುಗಿದ ದಿನದ ಹೆಸರು ಸೇರಿಸಬಾರದು. ‘ಐ ಹ್ಯಾವ್ ಕಮ್ ಯೆಸ್ಟರ್‌ಡೇ’ ತಪ್ಪು. ‘ಯೆಸ್ಟರ್‌ಡೇ’ ಬೇಕೇ ಬೇಕು ಅಂತಿದ್ದರೆ ‘ಐ ಕೇಮ್ ಯೆಸ್ಟರ್‌ಡೇ’ ಅನ್ನಿ.