ಒಮ್ಮೆ ಆಪರೇಷನ್ ಆದ ಡಿಸ್ಕ್ ಮತ್ತೆ ಜರುಗಿದರೆ?

ಪ್ರಶ್ನೆ: ನನ್ನ ತಮ್ಮನಿಗೆ 20 ವರ್ಷ, ಕುಸ್ತಿ ಆಡ್ತಾನೆ. ಹೋದ ವರ್ಷ ಸೊಂಟದ ಡಿಸ್ಕ್ ಆಪರೇಷನ್ ಆಗಿತ್ತು. ಎಂಟು ತಿಂಗಳು ಆರಾಮ ಇದ್ದ. ಈಗ ಎಡಗಾಲಿಗೆ ಮತ್ತೆ ಸೆಳೆತ. ಎಲ್5-ಎಸ್1ನಲ್ಲಿ (ಸೊಂಟದ ತೀರಾ ಕೆಳಗಿನ ಡಿಸ್ಕ್), ಅದೇ ಜಾಗದಲ್ಲಿ, ಡಿಸ್ಕ್ ಹೊರಬಂದಿದೆ ಅಂತ ಎಂಆರ್‌ಐ ರಿಪೋರ್ಟ್ ಹೇಳ್ತದೆ. ಬೆಳಗಾವಿಯಲ್ಲಿ ಒಬ್ಬ ಡಾಕ್ಟರು ಇನ್ನೊಮ್ಮೆ ಆಪರೇಷನ್ ಅಂದ್ರು, ಇನ್ನೊಬ್ಬರು ಸ್ಕ್ರೂ ಹಾಕಬೇಕು ಅಂದ್ರು. ಕುಸ್ತಿ ಕಲಿಸುವ ವಸ್ತಾದರು ಎರಡೂ ಬೇಡ ಅಂತಾರೆ. ಯಾರ ಮಾತು ಕೇಳೋಣ?
– ಓದುಗರು, ಜಮಖಂಡಿ ತಾಲ್ಲೂಕು

ಉತ್ತರ: ಅದಕ್ಕೂ ಮೊದಲು ತಮ್ಮನ ಎಡಗಾಲಲ್ಲಿ ಶಕ್ತಿ ಎಷ್ಟಿದೆ ನೋಡಿ. ಗೋಡೆಗೆ ಕೈ ಊರಿ, ಒಂದೇ ಕಾಲ ಮೇಲೆ ನಿಂತು, ಹತ್ತು ಸಲ ಹಿಮ್ಮಡಿ ಎತ್ತಲಿ. ಬಲಗಾಲಲ್ಲಿ ಸಲೀಸಾಗಿ ಆಗಿ, ಎಡಗಾಲಲ್ಲಿ ಮೂರು-ನಾಲ್ಕಕ್ಕೇ ಹಿಮ್ಮಡಿ ಕುಸಿದರೆ ಆ ಜಾಗದ ನರ ಸೋಲುತ್ತಿರಬಹುದು. ಆಮೇಲೆ ಬರೀ ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆಸಿ. ಪಾದದ ಮುಂಭಾಗ ಮೇಲೇಳದಿದ್ದರೆ ಅದಕ್ಕಿಂತ ಮೇಲಿನ ನರವನ್ನೂ ನೋಡಬೇಕಾಗುತ್ತದೆ.

ಶಕ್ತಿ ದಿನೇ ದಿನೇ ಕಡಿಮೆ ಆಗ್ತಿದ್ದರೆ ಕಾಯಬೇಡಿ, ಬೇಗ ಆಪರೇಷನ್ ಬೇಕಾಗಬಹುದು. ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋಗ್ತಿದ್ದರೆ ರಾತ್ರಿ ಹನ್ನೆರಡಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಇದ್ಯಾವುದೂ ಇಲ್ಲ, ಬರೀ ನೋವು ಅಂದ್ರೆ ನಿಮಗೆ ಟೈಮ್ ಇದೆ. ಎರಡನೇ ಸಲ ಜರುಗಿದ ಡಿಸ್ಕಿನ ನೋವೂ ಎಷ್ಟೋ ಜನಕ್ಕೆ 6ರಿಂದ 12 ವಾರದಲ್ಲಿ ತಗ್ಗುತ್ತದೆ. ಹೊರಬಂದ ತುಣುಕನ್ನು ದೇಹವೇ ಕರಗಿಸಿಕೊಳ್ಳುವುದುಂಟು. ಪೂರ್ತಿ ಕಳಚಿಕೊಂಡ ದೊಡ್ಡ ತುಣುಕೇ ಜಾಸ್ತಿ ಕರಗೋದು, ವಿಚಿತ್ರ ಅಲ್ವಾ? ಅಲ್ಲಿವರೆಗೆ ಹಾಸಿಗೆ ಹಿಡಿಯೋದು ಬೇಡ. ನಡೆಯಲಿ, ಫಿಸಿಯೋಥೆರಪಿ ಮಾಡಲಿ. ನರದ ಬುಡಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ಆರಾಮ ಕೊಡುತ್ತದೆ, ಡಿಸ್ಕನ್ನು ಮಾತ್ರ ಸರಿಮಾಡಲ್ಲ.

ಹಾಗಾಗಿ ಕಾಯೋಣ ಅನ್ನುವ ವಸ್ತಾದರ ಮಾತಲ್ಲಿ ತಪ್ಪಿಲ್ಲ. ಆದರೆ ಕಾಯುವ ಹೆಸರಲ್ಲಿ ಬೆನ್ನು ತುಳಿಸೋದು, ಸೊಂಟ ತಿರುವಿ ನೆಟಿಗೆ ತೆಗೆಸೋದು ಖಂಡಿತ ಬೇಡ.

ಆರು ವಾರ ಕಳೆದರೂ ನೋವಿಗೆ ನಿದ್ದೆ ಬರ್ತಿಲ್ಲ ಅಂದ್ರೆ? ಮೊದಲು, ಎಂಆರ್‌ಐ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ನರಕ್ಕೆ ಚುಚ್ಚುವ ಔಷಧ) ಹಾಕಿ ತೆಗೆದದ್ದಾ ಅಂತ ಕೇಳಿ. ಹಳೇ ಆಪರೇಷನ್ನಿನ ಗಾಯದ ಕಲೆ ಯಾವುದು, ಹೊಸ ಡಿಸ್ಕ್ ತುಣುಕು ಯಾವುದು ಅಂತ ಅದರಲ್ಲೇ ಚೆನ್ನಾಗಿ ಗೊತ್ತಾಗೋದು. ಬರೀ ಕಲೆಯಾದರೆ ಮತ್ತೆ ಕೊಯ್ದು ಲಾಭ ಕಡಿಮೆ. ತುಣುಕೇ ಆಗಿದ್ದರೆ ನನ್ನ ಒಲವು ಮೊದಲನೇ ಡಾಕ್ಟರ ಕಡೆಗೆ. ಅದೇ ಸಣ್ಣ ಆಪರೇಷನ್ ಇನ್ನೊಮ್ಮೆ ಮಾಡಿಸಿದರೂ ಸಾಮಾನ್ಯವಾಗಿ ಫಲ ಚೆನ್ನಾಗಿಯೇ ಇರುತ್ತದೆ. ಕಲೆ ಅಂಟಿಕೊಂಡಿರುವುದರಿಂದ ನರದ ಪೊರೆ ಹರಿಯುವ ಅಪಾಯ ಮೊದಲ ಸಲಕ್ಕಿಂತ ಜಾಸ್ತಿ, ಅದನ್ನು ಡಾಕ್ಟರ ಬಾಯಿಂದಲೇ ಕೇಳಿ ತಿಳ್ಕೊಳ್ಳಿ.

ಸ್ಕ್ರೂ ಹಾಕಿ ಎರಡು ಮೂಳೆ ಬೆಸೆಯೋದಕ್ಕೂ ಜಾಗ ಇದೆ. ಬಗ್ಗಿ-ನಿಮಿರಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಜಾರುತ್ತಿದ್ದರೆ, ಕಾಲಿಗಿಂತ ಸೊಂಟವೇ ಜಾಸ್ತಿ ನೋಯುತ್ತಿದ್ದರೆ, ಅಥವಾ ಮೂರನೇ ಸಲ ಜರುಗಿದರೆ ಆ ಮಾತು ಎತ್ತಬಹುದು. ಮೊದಲ ಸಲ ಮರುಕಳಿಸಿದ್ದಕ್ಕೇ 20ರ ಹುಡುಗನಿಗೆ ಬೆಸುಗೆ ಅಂದ್ರೆ ಕಾರಣ ಕೇಳಲೇಬೇಕು. ಬೆಸೆದ ಜಾಗ ಬಗ್ಗಲ್ಲ, ಭಾರ ಪಕ್ಕದ ಡಿಸ್ಕಿಗೆ ಬೀಳುತ್ತದೆ. ಪೈಲ್ವಾನನ ಸೊಂಟಕ್ಕೆ ಅದು ಸಣ್ಣ ವಿಷಯ ಅಲ್ಲ.

ಮೊದಲ ಆಪರೇಷನ್ ಮಾಡಿದವರನ್ನು ಸುಮ್ನೆ ಬೈಯಬೇಡಿ. ನೂರರಲ್ಲಿ ಸುಮಾರು 5ರಿಂದ 15 ಜನಕ್ಕೆ ಹೀಗಾಗುತ್ತದೆ. ಡಿಸ್ಕಿನ ಹೊರಪದರದಲ್ಲಿ ಆದ ತೂತು ಪೂರ್ತಿ ಗಟ್ಟಿಯಾಗಿ ಮುಚ್ಚಿಕೊಳ್ಳಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಮರುಕಳಿಸೋದು ಇನ್ನೂ ಜಾಸ್ತಿ.

ಕಣಕ್ಕೆ ಯಾವಾಗ? ಆಪರೇಷನ್ ಆದರೆ ಆಟಗಾರರು ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ ಮರಳುತ್ತಾರೆ. ಕುಸ್ತಿಗೆ ಆರು ತಿಂಗಳೇ ಹಿಡಿಯಿರಿ, ಅದೂ ಎರಡೂ ಕಾಲಿನ ಶಕ್ತಿ ಸಮ ಆದಮೇಲೆ. ಜಾತ್ರೆ ತಾರೀಖು ನೋಡಿ ಆಪರೇಷನ್ ದಿನ ಗೊತ್ತು ಮಾಡಬೇಡಿ. ಗೆಳೆಯರ ಹುರುಪಿಗೆ ಭಾರ ಎತ್ತುವ ಸಂಗ್ರಾಣಿ ಕಲ್ಲಿಗೆ ಕೈ ಹಾಕೋದಂತೂ ಈ ವರ್ಷ ಬೇಡವೇ ಬೇಡ.

ಇನ್ನೊಂದು. ತಮ್ಮ ಮ್ಯಾಟ್ ಕುಸ್ತಿಗೂ ಹೋಗ್ತಾನಾ? ಸ್ಟೀರಾಯ್ಡ್ ಇಂಜೆಕ್ಷನ್ 2022ರಿಂದ, ಟ್ರಮಡಾಲ್ ನೋವಿನ ಮಾತ್ರೆ 2024ರಿಂದ ಡೋಪಿಂಗ್ ನಿಯಮದಲ್ಲಿ ಸ್ಪರ್ಧೆಯ ಸಮಯಕ್ಕೆ ನಿಷೇಧವಾಗಿವೆ. ಸೊಂಟನೋವಿಗೆ ಎರಡನ್ನೂ ಬರೆದುಕೊಡುವುದುಂಟು. ಡಾಕ್ಟರು ಚೀಟಿ ಬರೆಯುವ ಮೊದಲೇ ಹುಡುಗ ಸ್ಪರ್ಧೆಗೆ ಇಳಿಯುವವನು ಅಂತ ಹೇಳಿಬಿಡಿ.