ಮಲಗಿದಲ್ಲೇ ಟೆನಿಸ್ ಆಡಿದ ಯುವತಿ

ಕಣ್ಣು ತೆರೆದಿದೆ, ನೋಟವಿಲ್ಲ. ಕರೆದರೆ ಓಗೊಡುವುದಿಲ್ಲ. ತಲೆಗೆ ಪೆಟ್ಟು ಬಿದ್ದವರ ಮಂಚದ ಪಕ್ಕ ಕೂತವರನ್ನು ಕೊರೆಯುವುದು ಒಂದೇ ಪ್ರಶ್ನೆ: ನಮ್ಮ ಮಾತು ಇವರಿಗೆ ಗೊತ್ತಾಗ್ತಿದೆಯಾ?

ಎಚ್ಚರ ಬೇರೆ, ಅರಿವು ಬೇರೆ. ಎಚ್ಚರವಿದ್ದೂ ಅರಿವಿನ ಸುಳಿವೇ ಕಾಣದಿದ್ದರೆ ವೈದ್ಯರು ಅದನ್ನು ವೆಜಿಟೇಟಿವ್ ಸ್ಟೇಟ್, ಅಂದರೆ ಗಿಡದಂಥ ಸ್ಥಿತಿ ಎನ್ನುತ್ತಾರೆ. ಮನುಷ್ಯರ ಬಗ್ಗೆ ಆಡುವ ಮಾತಲ್ಲ ಅದು, ನನಗಂತೂ ಒಪ್ಪಿಗೆಯಿಲ್ಲ.

2005ರಲ್ಲಿ ರಸ್ತೆ ಅಪಘಾತವಾಗಿ ಇಂಗ್ಲೆಂಡಿನ 23 ವರ್ಷದ ಯುವತಿಯೊಬ್ಬಳು ಈ ಸ್ಥಿತಿಗೆ ಹೋದಳು. ಮೆದುಳು ವಿಜ್ಞಾನಿ ಏಡ್ರಿಯನ್ ಓವೆನ್ ಅವರ ತಂಡ ಅವಳನ್ನು ಕೇಂಬ್ರಿಜ್‌ನಲ್ಲಿ, ಮೆದುಳಿನ ಯಾವ ಭಾಗ ಚುರುಕಾಗಿದೆ ಎಂದು ರಕ್ತದ ಹರಿವಿನಿಂದ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಊಹಿಸಿಕೊಳ್ಳಲು ಹೇಳಿತು. ಚಲನೆಯನ್ನು ಯೋಜಿಸುವ ಮೆದುಳಿನ ಭಾಗ ಚುರುಕಾಯಿತು. ಮನೆಯ ಕೋಣೆಗಳಲ್ಲಿ ಓಡಾಡುವಂತೆ ಊಹಿಸಿಕೋ ಎಂದಾಗ, ಜಾಗಗಳನ್ನು ಗುರುತಿಸುವ ಭಾಗ. ಆರೋಗ್ಯವಂತರಲ್ಲಿ ಆಗುವ ಹಾಗೆಯೇ!

'ಟೆನಿಸ್' ಎಂಬ ಶಬ್ದ ಕಿವಿಗೆ ಬಿದ್ದದ್ದಕ್ಕೇ ಮೆದುಳು ಸುಮ್ನೆ ಮಿಡಿದಿರಬಹುದಲ್ವಾ? ಈ ಅನುಮಾನ ಆಗಲೇ ಎದ್ದಿತ್ತು. ಆದರೆ ಅಂಥ ಮಿಡಿತ ಕೆಲವೇ ಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಅವಳದು ಸುಮಾರು 30 ಸೆಕೆಂಡ್, ವಿಶ್ರಾಂತಿ ತಗೋ ಎನ್ನುವವರೆಗೂ ಉಳಿಯಿತು.

2010ರಲ್ಲಿ ಇದೇ ಉಪಾಯದಿಂದ ಒಬ್ಬ ರೋಗಿಯ ಜೊತೆ ಮಾತುಕತೆಯೇ ನಡೆಯಿತು. ಹೌದು ಎನ್ನಲು ಟೆನಿಸ್, ಅಲ್ಲ ಎನ್ನಲು ಮನೆಯ ಓಡಾಟ, ಅಥವಾ ಅದರ ತಿರುವುಮುರುವು. ತಂದೆಯ ಹೆಸರಿನಂಥ ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯುತ್ತರ ಬಂತು. ಆರನೆಯದಕ್ಕೆ ಮೆದುಳು ಸುಮ್ಮನಿತ್ತು.

ಹಾಗಾದರೆ ಅರಿವು ಸಾಬೀತಾಯಿತೇ? ಮಾತು ಕೇಳಿ, ಅರ್ಥ ಮಾಡಿಕೊಂಡು, ಹೇಳಿದ್ದನ್ನು ಮನಸ್ಸಿಟ್ಟು ಮಾಡಿದ್ದಕ್ಕೆ ಗುರುತು ಸಿಕ್ಕಿತು. ಅವರಿಗೆ ಒಳಗೆ ಹೇಗೆ ಅನಿಸುತ್ತಿದೆ ಎಂಬುದು ಯಾವ ಸ್ಕ್ಯಾನರ್‌ಗೂ ಕಾಣದು. ಹಾಗೆ ನೋಡಿದರೆ ನಿಮಗೆ ಹಲ್ಲುನೋವು ಎಂದರೆ ನಾನು ನಂಬುವುದೂ ನಿಮ್ಮ ಮಾತು, ಮುಖ ನೋಡಿಯೇ. ಆ ನೋವನ್ನು ನಾನು ಕಂಡಿಲ್ಲ. ರೋಗಿಗಳಿಂದ ಮಾತ್ರ ಇದಕ್ಕಿಂತ ಜಾಸ್ತಿ ಪುರಾವೆ ಕೇಳುವುದು ನ್ಯಾಯವಲ್ಲ.

2024ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಹೊರಗೆ ಏನೂ ಸ್ಪಂದಿಸದ 241 ಜನರಲ್ಲಿ 60 ಮಂದಿಯ ಮೆದುಳು ಹೇಳಿದ ಮಾತಿಗೆ ಎಫ್‌ಎಂಆರ್‌ಐ ಅಥವಾ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಪರೀಕ್ಷೆ) ಸ್ಪಂದಿಸಿತು. ಉಳಿದವರಿಗೆ ಅರಿವಿಲ್ಲ ಎಂದು ಷರಾ ಬರೆಯುವ ಮುನ್ನ ಅದೇ ಅಧ್ಯಯನದ ಇನ್ನೊಂದು ಲೆಕ್ಕ ನೋಡಬೇಕು. ಹೇಳಿದ ಮಾತಿಗೆ ಕಣ್ಣೆದುರೇ ಸ್ಪಂದಿಸುತ್ತಿದ್ದ ರೋಗಿಗಳು 112 ಜನ. ಅವರಲ್ಲೂ ಯಂತ್ರಕ್ಕೆ ಸಿಕ್ಕಿದ್ದು 43 ಮಂದಿ ಮಾತ್ರ.