ಎಂಟು ಜನ, ಒಂದು ಕೈಪಿಡಿ: ಅಧ್ಯಾಯ ಹೇಗೆ ಹಂಚುವುದು?

ಪ್ರಶ್ನೆ: ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಬಳಸಿಕೊಳ್ಳುವ ನಮ್ಮ ಸಿದ್ಧ ಕೋಡಿಗೆ, ಅಂದರೆ ಪ್ರೋಗ್ರಾಮಿಂಗ್ ಲೈಬ್ರರಿಗೆ, ಒಂದು ರೆಫರೆನ್ಸ್ ಮ್ಯಾನ್ಯುವಲ್ (ಕೈಪಿಡಿ) ಬೇಕಾಗಿದೆ. ತಂಡದಲ್ಲಿ ಎಂಟು ಡೆವಲಪರ್‌ಗಳಿದ್ದೇವೆ. ಕೆಲಸ ನೋಡಿಕೊಳ್ಳಲು ನನಗೆ ಹೇಳಿದ್ದಾರೆ. ಯಾರಿಗೆ ಯಾವ ಅಧ್ಯಾಯ ಕೊಡಲಿ? ಎಲ್ಲರೂ ಬರೆದ ಮೇಲೆ ಒಬ್ಬರು ಕೂತು ಭಾಷೆ ಸರಿ ಮಾಡಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಜನರ ಸಂಖ್ಯೆ ಎಂಟರ ಬದಲು ಐದೋ ಹನ್ನೆರಡೋ ಇರುತ್ತದೆ, ಅಷ್ಟು ಬಿಟ್ಟರೆ ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೊನೆಯ ಸಾಲು ಮಾತ್ರ ಬದಲಾಗುವುದೇ ಇಲ್ಲ. "ಕೊನೆಗೆ ಒಬ್ಬರು ಭಾಷೆ ಸರಿ ಮಾಡಿದರೆ ಆಯಿತಲ್ಲ." ಇವತ್ತು ಈ ಸಾಲಿನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹತ್ತು ಮನೆಯಿಂದ ಸಾರು ತರಿಸಿ ಒಂದೇ ಕೊಳಗಕ್ಕೆ ಸುರಿದು, ಆಮೇಲೆ ಉಪ್ಪು ನೋಡಲು ಅಡುಗೆಯವರನ್ನು ಕರೆದರೆ ಅವರು ಏನು ಮಾಡಬೇಕು? ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ಬೆಳ್ಳುಳ್ಳಿ. ಉಪ್ಪಿನಿಂದ ಸರಿಹೋಗುವ ವಿಷಯ ಅಲ್ಲ ಅದು.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆಯೇ. ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ಜನ ಡೆವಲಪರ್‌ಗಳು ಆರು ಅಧ್ಯಾಯ ಬರೆದು ಕೊಟ್ಟರು. ಭಾಷೆ ನೋಡುವ ಕೆಲಸ ನನ್ನದು. ಒಂದು ಅಧ್ಯಾಯದಲ್ಲಿ ಟೈಮ್‌ಔಟ್ ಅನ್ನು (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿಯನ್ನು) ಸೆಕೆಂಡಿನಲ್ಲಿ ಕೊಡಬೇಕು ಅಂತ ಇತ್ತು, ಇನ್ನೊಂದರಲ್ಲಿ ಮಿಲಿಸೆಕೆಂಡಿನಲ್ಲಿ. ಯಾರೋ ಕೈತಪ್ಪಿ ಬರೆದಿದ್ದಾರೆ ಅಂದುಕೊಂಡೆ. ಎಲ್ಲ ಕಡೆ ಸೆಕೆಂಡು ಅಂತ ಮಾಡಿ, ಅಚ್ಚುಕಟ್ಟಾಯಿತು ಅಂತ ಖುಷಿಪಟ್ಟೆ. ಆದರೆ ಕೋಡ್ ಬರೆದಾಗಲೇ ಆ ಇಬ್ಬರು ಬೇರೆ ಬೇರೆ ಅಳತೆ ಇಟ್ಟುಕೊಂಡಿದ್ದರು. ಗ್ರಾಹಕರೊಬ್ಬರು ನನ್ನ ಪುಟ ಓದಿ, ಅರ್ಧ ನಿಮಿಷ ಅಂದುಕೊಂಡು 30 ಅಂತ ಕೊಟ್ಟರು. ಅವರ ಕನೆಕ್ಷನ್ 30 ಮಿಲಿಸೆಕೆಂಡಿಗೇ ಕಡಿದುಹೋಗುತ್ತಿತ್ತು. ಮಿಲಿಸೆಕೆಂಡು ಅಂತ ಒಬ್ಬ ಹುಡುಗ ಸರಿಯಾಗಿ ಬರೆದಿದ್ದನ್ನು ನಾನು "ತಿದ್ದಿ" ಹಾಳು ಮಾಡಿದ್ದೆ.

ಭಾಷೆ ನೋಡುವವರ ಮುಂದೆ ಎರಡು ಪುಟ ಬೇರೆ ಬೇರೆ ಇದ್ದಾಗ, ಆ ವ್ಯತ್ಯಾಸ ಬರವಣಿಗೆಯದೋ ಸಾಫ್ಟ್‌ವೇರಿನದೋ ಅಂತ ಪುಟ ನೋಡಿ ಹೇಳಲು ಆಗುವುದಿಲ್ಲ. ಒಬ್ಬರು "ಏನೂ ಸಿಗದಿದ್ದರೆ ಖಾಲಿ ಪಟ್ಟಿ ಬರುತ್ತದೆ" ಅಂತಾರೆ. ಇನ್ನೊಬ್ಬರು "ನಲ್ ಬರುತ್ತದೆ" ಅಂತಾರೆ, ಅಂದರೆ ಪಟ್ಟಿಯೇ ಇಲ್ಲ. ಮೂರನೆಯವರು ಆ ಮಾತನ್ನೇ ಎತ್ತಿರುವುದಿಲ್ಲ. ಮೂವರನ್ನೂ ಹಿಡಿದು ಕೇಳೋಣ ಅಂದರೆ ಅವರು ಆಗಲೇ ಮುಂದಿನ ರಿಲೀಸ್‌ನ ಗಡಿಬಿಡಿಯಲ್ಲಿರುತ್ತಾರೆ.

ಪದಗಳ ಕಥೆಯೂ ಇದೇ. ಒಂದೇ ಪದವನ್ನು ಪದೇ ಪದೇ ಬಳಸಬೇಡಿ ಅಂತ ಶಾಲೆಯಲ್ಲಿ ಪ್ರಬಂಧಕ್ಕೆ ಹೇಳಿಕೊಟ್ಟಿದ್ದಾರೆ. ಕೈಪಿಡಿಗೆ ಕೂತಾಗ ಅದನ್ನು ಮರೆತುಬಿಡಿ. ಒಂದು ಪುಟದಲ್ಲಿ "ಸೆಷನ್", ಮುಂದಿನ ಪುಟದಲ್ಲಿ "ಕನೆಕ್ಷನ್" ಅಂತ ಇದ್ದರೆ ಓದುವವರು ಎರಡೂ ಬೇರೆ ಬೇರೆ ಅಂತಲೇ ತಿಳಿಯುತ್ತಾರೆ. ಹಾಗೆ ತಿಳಿಯುವುದೇ ಸರಿ ಕೂಡ.

ದೊಡ್ಡ ಕೆಲಸಗಳು ಹೇಗೆ ನಡೆದವು ನೋಡಿ. 1964ರಲ್ಲಿ ಐಬಿಎಂ ತನ್ನ ಸಿಸ್ಟಮ್/360 ಕಂಪ್ಯೂಟರುಗಳನ್ನು ಹೊರತಂದಿತು. ಅದರ ಮೂಲ ಕೈಪಿಡಿಯಲ್ಲಿದ್ದ ಯೋಚನೆಗಳು ಸುಮಾರು ಹತ್ತು ಜನರವು. ಬರೆದ ಕೈಗಳು ಎರಡೇ: ಗೆರಿಟ್ ಬ್ಲಾವ್ ಮತ್ತು ಆಂಡ್ರಿಸ್ ಪಡೇಗ್ಸ್. ಇದನ್ನು ಹೇಳಿದವರು ಆ ಯೋಜನೆಯನ್ನೇ ನಡೆಸಿದ ಫ್ರೆಡ್ ಬ್ರೂಕ್ಸ್. ಅವರು ಕೊಡುವ ಕಾರಣದಲ್ಲಿ ಭಾಷೆಯ ಸೊಗಸಿನ ಮಾತಿಲ್ಲ. ಬರೆಯಲು ಕೂತಾಗ ನೂರಾರು ಪುಟ್ಟ ಪುಟ್ಟ ತೀರ್ಮಾನಗಳು ಎದುರಾಗುತ್ತವೆ. ಪ್ರತಿ ಆದೇಶ ಮುಗಿದ ಮೇಲೆ ಕಂಡಿಷನ್ ಕೋಡ್ (ಫಲಿತಾಂಶ ಹೇಗಿತ್ತು ಅಂತ ಯಂತ್ರ ಇಟ್ಟುಕೊಳ್ಳುವ ಗುರುತು) ಏನಾಗಿರಬೇಕು ಅನ್ನುವಂಥವು. ಅವು ಎಲ್ಲ ಕಡೆ ಒಂದೇ ರೀತಿ ಆಗಬೇಕಾದರೆ ಒಂದೋ ಎರಡೋ ತಲೆಯಲ್ಲೇ ಆಗಬೇಕು.

ಅದಕ್ಕಿಂತ ಹಳೆಯದು ಆಲ್ಗಾಲ್ 60 ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಆ ಭಾಷೆಯ ವರದಿಯ ಮೇಲೆ ಹದಿಮೂರು ಜನರ ಹೆಸರಿದೆ. ಬೇರೆ ಬೇರೆ ದೇಶದವರು, ಜಗಳಕ್ಕೆ ಕಡಿಮೆ ಇರಲಿಲ್ಲ. 1960ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸೇರುವ ಮೊದಲೇ ಅವರಲ್ಲೊಬ್ಬರಾದ ಪೀಟರ್ ನೌರ್ ಪೂರ್ತಿ ಹೊಸ ಕರಡು ಬರೆದಿಟ್ಟುಕೊಂಡಿದ್ದರು. ಸಭೆ ಅದನ್ನೇ ಮುಂದಿಟ್ಟುಕೊಂಡು ಚರ್ಚಿಸಿತು. ಅಚ್ಚಾದಾಗ ವರದಿ 20 ಪುಟವೂ ಇರಲಿಲ್ಲ. ಹದಿಮೂರು ಜನಕ್ಕೆ ಹದಿಮೂರು ಅಧ್ಯಾಯ ಹಂಚಿದ್ದರೆ? ನೀವೇ ಊಹಿಸಿಕೊಳ್ಳಿ.

"ಹಾಗಾದರೆ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯನ್ನು ಅಷ್ಟೊಂದು ಜನ ಸೇರಿ ಬರೆಯಲಿಲ್ವಾ?" ಅಂತ ನೀವು ಕೇಳುವುದೂ ನನಗೆ ಗೊತ್ತು. ಬರೆದರು. ಆದರೆ ಅಲ್ಲಿ ಯಾವುದೇ ಫಂಕ್ಷನ್‌ನ (ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡಿನ) ಪುಟ ತೆಗೆಯಿರಿ. ವಿವರಣೆ, ಪ್ಯಾರಾಮೀಟರುಗಳು (ನಾವು ಕೊಡಬೇಕಾದ ಮಾಹಿತಿ), ವಾಪಸ್ ಬರುವ ಮೌಲ್ಯ, ಉದಾಹರಣೆ, ಇದನ್ನೂ ನೋಡಿ. ಎಲ್ಲ ಕಡೆ ಅದೇ ಕ್ರಮ. ಅಚ್ಚು ಒಂದೇ, ಬರೆಯುವವರೆಲ್ಲ ಅದರಲ್ಲೇ ಎರಕ ಹೊಯ್ಯುತ್ತಾರೆ. ನಿಮ್ಮ ಹತ್ತಿರ ಅಚ್ಚು ಎಲ್ಲಿದೆ?

ಸರಿ, ಇನ್ನು ಉತ್ತರ. ಅಧ್ಯಾಯ ಹಂಚಬೇಡಿ. ಎಂಟು ಜನ ಹೇಳಲಿ, ಇಬ್ಬರು ಬರೆಯಲಿ. ಆ ಇಬ್ಬರಲ್ಲಿ ಒಬ್ಬರು ನೀವಾಗಿದ್ದರೆ ಒಳ್ಳೆಯದು. ಮೊದಲು ಒಂದೇ ಒಂದು ಫಂಕ್ಷನ್‌ನ ಪುಟವನ್ನು ಪೂರ್ತಿ ಬರೆಯಿರಿ. ಸುಲಭದ್ದನ್ನು ಆರಿಸಬೇಡಿ, ತಪ್ಪು ಬಂದಾಗ ನಾಲ್ಕು ಥರ ವರ್ತಿಸುವಂಥದ್ದನ್ನು ಆರಿಸಿ. ಆ ಒಂದು ಪುಟದ ಮೇಲೆ ಎಂಟೂ ಜನ ಒಂದು ವಾರ ಕಿತ್ತಾಡಲಿ. ಸೆಕೆಂಡೋ ಮಿಲಿಸೆಕೆಂಡೋ, ನಲ್‌ನೋ ಖಾಲಿ ಪಟ್ಟಿಯೋ, ಸೆಷನ್ನೋ ಕನೆಕ್ಷನ್ನೋ, ಎಲ್ಲ ಅಲ್ಲೇ ತೀರ್ಮಾನವಾಗಲಿ. ಉಳಿದ ಇನ್ನೂರು ಪುಟಕ್ಕೆ ಅದೇ ಮಾದರಿ. ತೀರ್ಮಾನವಾದ ಪದಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಕಡೆ ಇಡಿ.

ಡೆವಲಪರ್‌ಗಳ ಬಾಯಿ ಬಿಡಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ. "ಇದರ ಬಗ್ಗೆ ಎರಡು ಪ್ಯಾರಾ ಬರೆದು ಕೊಡಿ" ಅಂತ ಕೇಳಿದರೆ ಎರಡು ತಿಂಗಳಾದರೂ ಬರುವುದಿಲ್ಲ. ನಿಮಗೆ ತಿಳಿದಂತೆ ನೀವೇ ಬರೆದು, ತಪ್ಪಿದ್ದರೂ ಪರವಾಗಿಲ್ಲ, "ಇದು ಸರಿ ತಾನೇ?" ಅಂತ ಕಳಿಸಿ. ಐದು ನಿಮಿಷದಲ್ಲಿ ಓಡಿ ಬರುತ್ತಾರೆ. ಬರೆಯಲು ಪುರುಸೊತ್ತಿಲ್ಲದವರಿಗೂ ತಪ್ಪು ತೋರಿಸಲು ಪುರುಸೊತ್ತು ಇದ್ದೇ ಇರುತ್ತದೆ.

ಇನ್ನೆರಡು ಮಾತು. ಕೋಡ್ ಬದಲಾದರೆ ಅದರ ಪುಟವೂ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಈ ಬದಲಾವಣೆ ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆಯಲ್ಲಿ) ಬದಲಾಗಬೇಕು, ಇಲ್ಲದಿದ್ದರೆ ಒಳಗೆ ಬಿಡಬೇಡಿ. ಉದಾಹರಣೆಗಳನ್ನು ಯಂತ್ರದ ಕೈಯಲ್ಲೇ ಓಡಿಸಿ ನೋಡಿ. ಪೈಥಾನ್ ಭಾಷೆಯಲ್ಲಿ ಇದಕ್ಕೆಂದೇ ಡಾಕ್‌ಟೆಸ್ಟ್ ಅನ್ನುವ ಸಾಧನ 2001ರಿಂದ ಇದೆ, ಆದರೂ ಓಡದ ಉದಾಹರಣೆಗಳು ಇನ್ನೂ ಅಚ್ಚಾಗುತ್ತಲೇ ಇವೆ.

ನೀವು ಕೇಳದ ಒಂದು ಪ್ರಶ್ನೆ ಇದೆ, ಅದಕ್ಕೂ ಹೇಳಿಬಿಡುತ್ತೇನೆ. ಕೆಲಸ ಮಾಡದ್ದನ್ನು ಎಲ್ಲಿ ಬರೆಯುವುದು?

ಬರೆಯುತ್ತಾ ಹೋದಂತೆ ಇದು ಎದುರಾಗಿಯೇ ಆಗುತ್ತದೆ. ಒಂದು ಫಂಕ್ಷನ್ ಏನು ಮಾಡುತ್ತದೆ ಅಂತ ವಾಕ್ಯದಲ್ಲಿ ಹೇಳಲು ಹೊರಟಾಗಲೇ ಅದು ಹಾಗೆ ಮಾಡುತ್ತಿಲ್ಲ ಅಂತ ಗೊತ್ತಾಗುವುದು. ಆಗ ಮೇಲಿನವರು "ಅದನ್ನು ಬಿಡಿ, ಮುಂದಿನ ರಿಲೀಸ್‌ನಲ್ಲಿ ಸರಿ ಮಾಡ್ತೀವಿ" ಅಂತಾರೆ. ಬಿಡಬೇಡಿ. 1971ರ ನವೆಂಬರ್ 3ರ ತಾರೀಕು ಹೊತ್ತ ಯೂನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಕೈಪಿಡಿಯಲ್ಲೇ "ಬಗ್ಸ್" (ದೋಷಗಳು) ಅನ್ನುವ ತಲೆಬರಹ ಇತ್ತು. ಆ ಸಾಫ್ಟ್‌ವೇರ್ ಬರೆದವರೇ ತಮ್ಮ ಕೆಲಸದ ಕುಂದನ್ನು ಅಲ್ಲಿ ಬರೆದಿಟ್ಟರು. ಆ ಸಂಪ್ರದಾಯ ಇವತ್ತಿಗೂ ಲಿನಕ್ಸ್‌ನಲ್ಲಿ ನಡೆಯುತ್ತಿದೆ. "ರೆಕ್‌ವಿಎಂಎಂಎಸ್‌ಜಿ" (recvmmsg) ಅನ್ನುವ ಸಿಸ್ಟಮ್ ಕಾಲ್‌ನ, ಅಂದರೆ ಪ್ರೋಗ್ರಾಮುಗಳು ಆಪರೇಟಿಂಗ್ ಸಿಸ್ಟಮ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆಯ, ಪುಟ ನೋಡಿ. ಟೈಮ್‌ಔಟ್ ಅಂದುಕೊಂಡಂತೆ ಕೆಲಸ ಮಾಡುವುದಿಲ್ಲ ಅಂತ ಅಲ್ಲಿ ನೇರವಾಗಿ ಬರೆದಿದ್ದಾರೆ. ಪ್ರತಿ ಡೇಟಾಗ್ರಾಮ್ (ನೆಟ್‌ವರ್ಕಿನಲ್ಲಿ ಬರುವ ಒಂದು ಸಂದೇಶದ ಪೊಟ್ಟಣ) ಬಂದ ಮೇಲಷ್ಟೇ ಗಡಿಯಾರ ನೋಡುವುದರಿಂದ, ಮುಂದಿನದು ಬಾರದೇ ಹೋದರೆ ಕಾಯುತ್ತಾ ಕೂತುಬಿಡುತ್ತದೆ. ನೋಡಿ, ಮತ್ತೆ ಟೈಮ್‌ಔಟ್! ಆ ಸಾಲು ಅಲ್ಲಿ ಇಲ್ಲದಿದ್ದರೆ ಎಷ್ಟು ಜನ ರಾತ್ರಿಯೆಲ್ಲ ತಮ್ಮ ಕೋಡನ್ನೇ ಬೈದುಕೊಂಡು ಕೂರುತ್ತಿದ್ದರೋ.

ಅದೇ ಮೊದಲ ಕೈಪಿಡಿಯಲ್ಲಿ "ಬಗ್ಸ್" ಆದ ಮೇಲೆ ಇನ್ನೊಂದು ತಲೆಬರಹ ಇತ್ತು: "ಓನರ್". ತೊಂದರೆ ಬಂದರೆ ಯಾರನ್ನು ಕೇಳಬೇಕು ಅನ್ನುವುದಕ್ಕೆ. ಯೂನಿಕ್ಸ್ ಕಟ್ಟಿದವರಲ್ಲಿ ಕೆನ್ ಥಾಂಪ್ಸನ್ ಆದರೆ "ಕೆನ್", ಡೆನಿಸ್ ರಿಚಿ ಆದರೆ "ಡಿಎಂಆರ್", ಅಷ್ಟೇ. ನಿಮ್ಮ ಎಂಟು ಜನರ ಹೆಸರು ಹಾಕುವ ಜಾಗ ಅದು. ನಾಳೆ ಕೂತು ಪ್ರತಿ ಪುಟಕ್ಕೂ ಒಂದು ಹೆಸರು ಬರೆಯಿರಿ. ಎರಡು ಬೇಡ.